ಊರ ಶಾಲೆಯ ಲೆಕ್ಕ ಕೇಳುವವರು ಯಾರು?

ಕರ್ನಾಟಕದ ಅನೇಕ ಸರ್ಕಾರಿ ಶಾಲೆಗಳ ಗೋಡೆಯಲ್ಲಿ ಒಂದು ಕಲ್ಲಿನ ಫಲಕವಿರುತ್ತದೆ. ಕೊಠಡಿ ಕಟ್ಟಿಸಿಕೊಟ್ಟವರ, ಕಂಪ್ಯೂಟರ್ ಕೊಡಿಸಿದವರ, ಶುದ್ಧ ನೀರಿನ ಘಟಕ ಕೂರಿಸಿದವರ ಹೆಸರು ಅದರಲ್ಲಿರುತ್ತದೆ. ಈಚಿನ ಫಲಕಗಳಲ್ಲಿ ಆ ಹೆಸರುಗಳ ಜೊತೆಗೆ ಡಲ್ಲಾಸ್, ದುಬೈ, ಸಿಂಗಪುರದಂತಹ ಊರುಗಳೂ ಕಾಣಿಸುವುದುಂಟು. ಕೊಟ್ಟವರ ಮಮತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಶಾಲೆಗೆ ಬೇಕಾದದ್ದು ಅದೇ ಎಂದು ತೀರ್ಮಾನಿಸಿದವರು ಯಾರೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಬಾಲಕಿಯರ ಶೌಚಾಲಯದಲ್ಲಿ ನೀರೇ ಬಾರದ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದು ಕೂತರೆ ಅದಕ್ಕೆ ಯಾರು ಉತ್ತರ ಹೇಳಬೇಕು?

ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕ ಸರ್ಕಾರ ಪ್ರತಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಲು ಆದೇಶಿಸಿತು. ಎಸ್‌ಡಿಎಂಸಿ ಎಂದೇ ಊರವರ ಬಾಯಲ್ಲಿ ಉಳಿದ ಈ ಸಮಿತಿಯ ತಿರುಳು ಸರಳ: ಮಕ್ಕಳು ಯಾರವೋ ಅವರೇ ಶಾಲೆಯ ಮೇಲೆ ಕಣ್ಣಿಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ವಿಚಾರಕ್ಕೆ ದೇಶವ್ಯಾಪಿಯಾದ ಶಾಸನಬಲ ಕೊಟ್ಟಿತು. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗಗಳ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದೂ ಅನುದಾನದ ಬಳಕೆಯನ್ನು ಪರಿಶೀಲಿಸುವುದೂ ಈ ಸಮಿತಿಯ ಕೆಲಸ.

ಕಾಗದದ ಮೇಲೆ ಇಷ್ಟು ಪ್ರಜಾಸತ್ತಾತ್ಮಕವಾದ ಸಂಸ್ಥೆ ನೆಲದ ಮೇಲೆ ಹೇಗಿದೆ? ಎಷ್ಟೋ ಕಡೆ ಸಭೆ ನಡೆಯುವುದು ನಡಾವಳಿ ಪುಸ್ತಕದಲ್ಲಿ ಮಾತ್ರ. ಪುಸ್ತಕ ಮನೆಗೆ ಬರುತ್ತದೆ, ಸಹಿಯೋ ಹೆಬ್ಬೆಟ್ಟೋ ಬೀಳುತ್ತದೆ, ಶಾಲೆಗೆ ಹಿಂತಿರುಗುತ್ತದೆ. ಸಭೆ ನಿಜವಾಗಿ ನಡೆದರೂ ಅದು ಹಗಲು ಹನ್ನೊಂದು ಗಂಟೆಗೆ. ಕೂಲಿಗೆ ಹೋಗುವ ತಾಯಿ ಆ ಸಭೆಗೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಅವಳ ಬದಲು ಗಂಡ ಬಂದು ಕೂರುತ್ತಾನೆ. ದಲಿತ ಕೇರಿಯ ಸದಸ್ಯೆ ಬಂದರೂ ಮಾತಿನ ಸರದಿ ಅವಳವರೆಗೆ ಬರುವುದೇ ಅಪರೂಪ. ಅಧ್ಯಕ್ಷಗಿರಿಯಂತೂ ಪಕ್ಷ ರಾಜಕಾರಣದ ಮೊದಲ ಮೆಟ್ಟಿಲಾಗಿಬಿಟ್ಟಿದೆ.

ಇಷ್ಟಕ್ಕೂ ಈ ಸಮಿತಿಗೆ ಇರುವ ಅಧಿಕಾರವಾದರೂ ಎಷ್ಟು? ಶಿಕ್ಷಕರ ನೇಮಕ, ವರ್ಗಾವಣೆ, ಖಾಲಿ ಹುದ್ದೆ ಇವೆಲ್ಲ ಇಲಾಖೆಯ ಕೈಯಲ್ಲಿವೆ. ಸಮಿತಿಯ ಕಾರ್ಯದರ್ಶಿಯಾದ ಮುಖ್ಯೋಪಾಧ್ಯಾಯರ ಸ್ಥಿತಿಯೂ ಉತ್ತಮವಾಗೇನಿಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿಯ ಕೆಲಸಗಳ ನಡುವೆ ಪಾಠ ಮಾಡಲು ಪರದಾಡುವ ಪ್ರಭಾರ ಮುಖ್ಯೋಪಾಧ್ಯಾಯರಿಂದ ನಾಯಕತ್ವವನ್ನು ನಿರೀಕ್ಷಿಸುವುದು ಕ್ರೌರ್ಯವೇ ಸರಿ. ಹೀಗೆ ಹೊಣೆ ಕೆಳಗಿದೆ, ಅಧಿಕಾರ ಮೇಲಿದೆ. 2022ರ ಅಕ್ಟೋಬರ್‌ನಲ್ಲಿ ಪ್ರತಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಸಂಗ್ರಹಿಸಲು ಸಮಿತಿಗಳಿಗೆ ಅನುಮತಿ ಕೊಟ್ಟ ಸುತ್ತೋಲೆಯೊಂದು ಹೊರಟಿತು. ವಿರೋಧ ಎದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಪೋಷಕರ ಸಮಿತಿಯೆಂದರೆ ಚಂದಾ ಎತ್ತುವ ಸಮಿತಿಯೆಂದು ವ್ಯವಸ್ಥೆ ಭಾವಿಸಿರುವುದು ಆ ಕೆಲವು ದಿನಗಳಲ್ಲೇ ಬಯಲಾಯಿತು.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಬೇರೆ ಬಗೆಯ ವ್ಯವಸ್ಥೆಯ ಪರಿಚಯವಿದೆ. ಅಮೆರಿಕದ ಸ್ಥಳೀಯ ಶಾಲಾ ಮಂಡಳಿಗಳ ಬಹುಪಾಲು ಸದಸ್ಯರು ಚುನಾಯಿತರು. ಸಭೆಯ ಕಾರ್ಯಸೂಚಿ ಮೊದಲೇ ಪ್ರಕಟವಾಗುತ್ತದೆ, ಬಜೆಟ್ಟನ್ನು ಯಾರು ಬೇಕಾದರೂ ಓದಬಹುದು. ಷಿಕಾಗೋ ನಗರದಲ್ಲಿ 1988ರ ಸುಧಾರಣಾ ಕಾಯ್ದೆ ಪ್ರತಿ ಶಾಲೆಗೂ ಸ್ಥಳೀಯ ಶಾಲಾ ಪರಿಷತ್ತನ್ನು ತಂದಿತು. ಅದರಲ್ಲಿ ಪೋಷಕರದೇ ಬಹುಮತ. ಮುಖ್ಯೋಪಾಧ್ಯಾಯರನ್ನು ಆರಿಸುವ ಅಧಿಕಾರವೂ ಅದಕ್ಕೆ ದೊರೆಯಿತು. ಸ್ಯಾನ್‌ಫ್ರಾನ್ಸಿಸ್ಕೋದ ಮತದಾರರು 2016ರಲ್ಲಿ ಪೌರತ್ವವಿಲ್ಲದ ಪೋಷಕರಿಗೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟರು. ಈ ವ್ಯವಸ್ಥೆಗಳು ನಿರ್ದೋಷವೇನಲ್ಲ. ಪುಸ್ತಕ ನಿಷೇಧದ ಕೂಗಿಗೆ ಶಾಲಾ ಮಂಡಳಿಯ ಸಭೆಗಳೇ ವೇದಿಕೆಯಾದದ್ದನ್ನು ಅಮೆರಿಕ ಕಂಡಿದೆ. ಆದರೂ ಅಲ್ಲಿ ವಲಸಿಗ ಪೋಷಕನೊಬ್ಬ ಎದ್ದು ನಿಂತು ಗಣಿತದ ತರಗತಿಯ ಬಗ್ಗೆ ಪ್ರಶ್ನೆ ಕೇಳಬಲ್ಲ. ಅದೇ ಪೋಷಕ ತನ್ನ ಹುಟ್ಟೂರಿನ ಶಾಲೆಗೆ ಹಣ ಕಳಿಸುವಾಗ ಸಮಿತಿಯ ಅಧ್ಯಕ್ಷೆಯ ಹೆಸರನ್ನೂ ವಿಚಾರಿಸುವುದಿಲ್ಲ. ಮುಖ್ಯೋಪಾಧ್ಯಾಯರಿಗೋ ಶಾಸಕರ ಆಪ್ತರಿಗೋ ಒಂದು ಫೋನ್ ಕರೆ ಸಾಕು. ತಾನಿರುವಲ್ಲಿ ಅವನು ಪೌರನಂತೆ ನಡೆದುಕೊಳ್ಳುತ್ತಾನೆ, ಊರಿಗೆ ಬಂದಾಗ ಜಮೀನ್ದಾರನಂತೆ. ಮಾತು ಕಟುವಾಯಿತೆನಿಸಬಹುದು, ಆದರೆ ಸನ್ಮಾನದ ಶಾಲು, ಹಾರಗಳನ್ನು ನೋಡಿದವರು ಇದನ್ನು ಅಲ್ಲಗಳೆಯಲಾರರು.

ಸಮಿತಿಗಳೇ ಭ್ರಷ್ಟವಾಗಿವೆ, ಹಣ ಅವರ ಕೈಗೆ ಕೊಟ್ಟರೆ ಕರಗಿಹೋಗುತ್ತದೆ ಎಂಬ ಆಕ್ಷೇಪವಿದೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಪಂಚಾಯತಿಗಳಿಗೆ ಅಧಿಕಾರ ಕೊಡಬಾರದೆಂದು ಹೇಳಿದವರ ವಾದವೂ ಇದೇ ಆಗಿತ್ತು. ಸಮಿತಿಯನ್ನು ಬದಿಗೊತ್ತಿ ಹರಿಯುವ ಪ್ರತಿ ರೂಪಾಯಿಯೂ ಅದನ್ನು ಇನ್ನಷ್ಟು ನಿರರ್ಥಕಗೊಳಿಸುತ್ತದೆ. ಲೆಕ್ಕ ಕೇಳಿ ಅಭ್ಯಾಸವಿಲ್ಲದ ಪೋಷಕರಿಗೆ ಲೆಕ್ಕ ಕೇಳುವ ಸಂದರ್ಭವೇ ಒದಗದಿದ್ದರೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಅನಿವಾಸಿ ದಾನಿಗಳ ಬಳಿ ಸಣ್ಣದೊಂದು ಶಕ್ತಿಯಿದೆ, ಷರತ್ತು ಹಾಕುವ ಶಕ್ತಿ. ಸಾಮಾನ್ಯವಾಗಿ ಅದು ಫಲಕದ ಅಳತೆಗೋ ಉದ್ಘಾಟನೆಯ ದಿನಾಂಕಕ್ಕೋ ಖರ್ಚಾಗುತ್ತದೆ. ಅದರ ಬದಲು ಶಾಲೆಯ ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಮೊದಲು ಕೇಳಬಹುದು. ಅಂತಹ ಯೋಜನೆಯೇ ಇಲ್ಲವೆಂದಾದರೆ ಅದನ್ನು ಬರೆಯಲು ಪೋಷಕರ ಸಭೆ ಸೇರಲಿ, ಸಂಜೆ ಏಳರ ನಂತರ, ತಾಯಂದಿರು ಬರಬಲ್ಲ ಹೊತ್ತಿನಲ್ಲಿ ಸೇರಲಿ ಎಂದು ಹೇಳಬಹುದು. ಹಣ ಅಧ್ಯಕ್ಷರ ಮತ್ತು ಮುಖ್ಯೋಪಾಧ್ಯಾಯರ ಜಂಟಿ ಖಾತೆಗೆ ಹೋಗಲಿ, ಖರ್ಚಿನ ಬಿಲ್ಲು ದಾನಿಯ ವಾಟ್ಸ್ಆ್ಯಪ್‌ಗೆ ಬರುವ ಮೊದಲು ಶಾಲೆಯ ಸೂಚನಾ ಫಲಕಕ್ಕೆ ಅಂಟಲಿ. ಸಭೆ ಸ್ಮಾರ್ಟ್ ಬೋರ್ಡ್ ಬೇಡ, ಶೌಚಾಲಯಕ್ಕೆ ನೀರು ಬೇಕು ಎಂದರೆ ಅದಕ್ಕೇ ಕೊಡಬೇಕು. ಶೌಚಾಲಯದ ಗೋಡೆಗೆ ತಮ್ಮ ಹೆಸರಿನ ಫಲಕ ಹಾಕಿಸಲು ಒಪ್ಪುವವರು ಎಷ್ಟು ಮಂದಿ ಎಂಬುದನ್ನು ಆಗ ನೋಡಬಹುದು.