ಅರಿವಳಿಕೆ ಕೊಡುವವರು ಯಾರೆಂದು ಕೇಳಿ



ಸಿರುಗುಪ್ಪ, ಕುರುಗೋಡು ಭಾಗದ ಸರ್ಕಾರಿ ಆಸ್ಪತ್ರೆಗಳ ಮಾತು ಬಂದಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ಅರಿವಳಿಕೆ ತಜ್ಞರನ್ನು ಕೊಡಿ. ನ್ಯಾಯವಾದ ಬೇಡಿಕೆಯೇ. ಅಪರಾತ್ರಿಯಲ್ಲಿ ಸಿಸೇರಿಯನ್ ಅನಿವಾರ್ಯವಾಗಿ, ತಜ್ಞರು ಸಿಗದಿದ್ದರೆ ಸಿರುಗುಪ್ಪದ ಗರ್ಭಿಣಿ ತೆಕ್ಕಲಕೋಟೆ ದಾಟಿ ಬಳ್ಳಾರಿಗೇ ಬರಬೇಕು. ಆದರೆ ತಜ್ಞರ ಪಕ್ಕದಲ್ಲಿ ನಿಲ್ಲುವ ತಂತ್ರಜ್ಞರ ಹುದ್ದೆಯನ್ನು ನಾನು ಓದಿದ ಯಾವ ಮನವಿಯಲ್ಲೂ ಕಂಡಿಲ್ಲ. ಬಳ್ಳಾರಿಯಲ್ಲಿ ಅದೇ ಕೆಲಸ ಮಾಡುವವನು ನಾನು.

ಮೊದಲ ರೋಗಿ ಥಿಯೇಟರಿಗೆ ಬರುವ ಮುಂಚೆ ನಮ್ಮ ಕೆಲಸ ಅರ್ಧ ಮುಗಿದಿರಬೇಕು. ಸಿಲಿಂಡರಿನಲ್ಲಿ ಆಕ್ಸಿಜನ್ ಎಷ್ಟಿದೆ, ಅರಿವಳಿಕೆ ಕೊಡುವ ಬಾಯ್ಲ್ಸ್ ಮಷೀನಿನಲ್ಲಿ ಎಲ್ಲಾದರೂ ಗಾಳಿ ಸೋರುತ್ತಿದೆಯೇ, ರೋಗಿ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾಲೈಮ್ ಬಣ್ಣ ಬದಲಾಗಿದೆಯೇ, ಸಕ್ಷನ್ ಎಳೆಯುತ್ತಿದೆಯೇ, ಲ್ಯಾರಿಂಗೋಸ್ಕೋಪಿನ ದೀಪ ಹತ್ತುತ್ತದೆಯೇ ನೋಡಬೇಕು. ಸಿಸೇರಿಯನ್ನಿಗೆ ಬೆನ್ನಿಗೆ ಇಂಜೆಕ್ಷನ್ ಸಾಕಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಸ್ಪೈನಲ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ತಾಯಿಯ ಬಿ.ಪಿ. ದಿಢೀರನೆ ಕುಸಿಯಬಹುದು. ಒಮ್ಮೊಮ್ಮೆ ಸ್ಪೈನಲ್ ಹಿಡಿಯುವುದೇ ಇಲ್ಲ. ಪೂರ್ಣ ಅರಿವಳಿಕೆ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಆಗ ಟ್ಯೂಬ್ ಹುಡುಕುತ್ತಾ ಕಪಾಟು ತೆಗೆಯುವಷ್ಟು ಪುರುಸೊತ್ತಿರುವುದಿಲ್ಲ. ಬಿ.ಪಿ. ಏರಿಸುವ ಔಷಧ ಸಿರಿಂಜಿಗೆ ತುಂಬಿ, ಹೆಸರು ಬರೆದ ಚೀಟಿ ಅಂಟಿಸಿ, ಮೊದಲೇ ತಟ್ಟೆಯಲ್ಲಿಟ್ಟಿರಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಬಳಿಕ ಬಾಣಂತಿಯರು ಸಾಲಾಗಿ ಸತ್ತಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಅಂಥ ಸಾವುಗಳ ತನಿಖೆಯಲ್ಲಿ ಮೊದಲು ಬೇಕಾಗುವುದು ಯಾರಿಗೆ ಯಾವ ಬ್ಯಾಚಿನ ಬಾಟಲಿ ಏರಿಸಿದರು ಎಂಬ ಲೆಕ್ಕ. ಥಿಯೇಟರಿನಲ್ಲಿ ಅದನ್ನು ಬರೆದಿಡಲು ಒಬ್ಬರು ಬೇಡವೇ?

ತಂತ್ರಜ್ಞರ ಹುದ್ದೆಗೆ ಸರಿಯಾದ ಗೆರೆ ಎಳೆಯದೇ ಹೋದದ್ದರಿಂದ ಎರಡು ಅನ್ಯಾಯ ನಡೆದಿವೆ. ಡಿಪ್ಲೊಮಾ, ಬಿ.ಎಸ್ಸಿ. ಓದಿ ಬಂದವರಿಗೂ ಕೆಲವು ಕಡೆ 'ಓಟಿ ಬಾಯ್' ಎಂಬುದೇ ಹೆಸರು. ಟ್ರಾಲಿ ತಳ್ಳುವುದೂ ಅವರೇ, ನೆಲ ಒರೆಸುವುದೂ ಅವರೇ. ಇನ್ನು ಕೆಲವು ಕಡೆ ಅದೇ ಹುಡುಗನೇ ಡಾಕ್ಟರ್! ಹಿಂದೆ ನಾನಿದ್ದ ನರ್ಸಿಂಗ್ ಹೋಮ್ ಒಂದರಲ್ಲಿ, "ಅನಸ್ತೇಶಿಯಾ ಸಾರ್ ದಾರಿಯಾಗದಾರಂತೆ, ಅಲ್ಲೀತನಕ ನೀನೇ ನೋಡ್ಕ" ಎಂದಿದ್ದರು. ನಾನು ಒಪ್ಪಲಿಲ್ಲ, ಮುಂದೆ ಅಲ್ಲಿ ಉಳಿಯಲೂ ಇಲ್ಲ. ಅರಿವಳಿಕೆ ಕೊಡುವುದು ವೈದ್ಯರ ಕೆಲಸ. ಎಂ.ಬಿ.ಬಿ.ಎಸ್. ವೈದ್ಯರೇ ತುರ್ತು ಹೆರಿಗೆಗೆ ಅರಿವಳಿಕೆ ಕೊಡಬೇಕಾದರೂ ಸರ್ಕಾರ ಅವರಿಗೆ ತಿಂಗಳುಗಟ್ಟಲೆ ವಿಶೇಷ ತರಬೇತಿ ಕೊಡುತ್ತದೆ. ತಂತ್ರಜ್ಞ ಎಷ್ಟೇ ನುರಿತಿದ್ದರೂ ಆ ಸ್ಥಾನದಲ್ಲಿ ಕೂರಬಾರದು. ಈ ಮಾತಿಗೆ ನಮ್ಮವರೇ ಕೆಲವರು ಮುನಿಸಿಕೊಂಡಾರು, ಇರಲಿ.

ಕಾನೂನು ಇಲ್ಲವೆಂದಲ್ಲ. ಸಹಾಯಕ ಆರೋಗ್ಯ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ; ಅರಿವಳಿಕೆ ತಂತ್ರಜ್ಞರೂ ಅದರ ಪಟ್ಟಿಯಲ್ಲಿದ್ದಾರೆ. ಜಾರಿ ತಡವಾದಾಗ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಎರಡು ತಿಂಗಳ ಗಡುವು ಕೊಟ್ಟಿತು. ದೆಹಲಿಯ ಆದೇಶ ನಮ್ಮ ಥಿಯೇಟರಿನ ಬಾಗಿಲಿನೊಳಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಸಿಸೇರಿಯನ್ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಗೂ, ಕುರುಗೋಡಿನಂಥ ಹೊಸ ತಾಲ್ಲೂಕು ಕೇಂದ್ರಗಳಿಗೂ, ಅರಿವಳಿಕೆ ತಜ್ಞರ ಜತೆಗೆ ತಂತ್ರಜ್ಞರ ಹುದ್ದೆಯನ್ನೂ ಮಂಜೂರು ಮಾಡಬೇಕು. ಖಾಸಗಿ ಆಸ್ಪತ್ರೆಗಳ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ತಪಾಸಣೆಗೆ ಹೋದವರು ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ ಹಿಂದಿರುಗದೆ, ಥಿಯೇಟರಿನ ರಿಜಿಸ್ಟರ್ ತೆರೆದು ಅರಿವಳಿಕೆ ಕೊಟ್ಟವರ ಸಹಿ ಯಾರದೆಂದು ನೋಡಲಿ. ಓದುಗರಲ್ಲೂ ಒಂದು ವಿನಂತಿ: ನಿಮ್ಮವರ ಆಪರೇಷನ್ನಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಅರಿವಳಿಕೆ ಕೊಡುವ ವೈದ್ಯರ ಹೆಸರೇನು, ಅವರು ಬಂದಿದ್ದಾರೆಯೇ ಎಂದು ಕೇಳಿ.

– ಅರಿವಳಿಕೆ ತಂತ್ರಜ್ಞ, ಬಳ್ಳಾರಿ