ಡ್ಯಾಶ್‌ಬೋರ್ಡಿನ ಮೇಲೊಂದು ಬೊಟ್ಟು

ನನ್ನ ಸ್ಟಿಕ್ಕರ್ ಬೊಟ್ಟಿನ ಹಾಳೆಯಲ್ಲಿ ಒಂದು ದೊಡ್ಡ ಬೊಟ್ಟು ಕಾಣೆಯಾಗಿತ್ತು. ಮಗಳ ಕೆಲಸ ಅಂದುಕೊಂಡು ಸುಮ್ಮನಿದ್ದೆ. ಮರುವಾರ ಸಾಗರದ ಪೇಟೆಗೆ ಹೋಗೋಣವೆಂದು ನಮ್ಮ ಪಿಕಪ್ ಗಾಡಿ ಹತ್ತಿದರೆ, ಅದು ಸ್ಪೀಡೋಮೀಟರಿನ ಗಾಜಿನ ಮೇಲೆ ಕೂತಿದೆ! ಕಿತ್ತು ನೋಡಿದೆ. ಅಡಿಯಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು.

“ರಾತ್ರಿ ಹೊತ್ತು ಕಣ್ಣಿಗೆ ಹೊಡೀತದೆ ಕಣೆ, ಅದಕ್ಕೇ ಅಂಟಿಸಿದೆ” ಅಂದರು ನಮ್ಮ ಮನೆಯವರು.

ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಬಂತು. ದೀಪ ಹತ್ತಿ ಆಗಲೇ ಮೂರು ವಾರ. ನಮ್ಮದು 2014ರ ಡೀಸೆಲ್ ಗಾಡಿ. ಸಾಗರದಿಂದ ಹೊನ್ನಾವರಕ್ಕೆ ಬಾಳೆಗೊನೆ, ತರಕಾರಿ ಇಳಿಸಿ, ಬರುವಾಗ ತೆಂಗಿನಕಾಯಿ ಹೇರಿಕೊಂಡು ಬರುತ್ತಾರೆ. ಮನೆ ಖರ್ಚು, ಮಗಳ ಹಾಸ್ಟೆಲ್ ಫೀಸು ಎಲ್ಲವೂ ಅದರ ದುಡಿಮೆಯೇ. ಖಾಲಿ ಗಾಡಿ ಸರಾಗವಾಗಿ ಓಡುತ್ತದಂತೆ. ಲೋಡು ಹಾಕಿಕೊಂಡು ಗೇರುಸೊಪ್ಪೆಯಿಂದ ಮಾವಿನಗುಂಡಿ ಕಡೆ ಘಟ್ಟ ಹತ್ತುವಾಗ ಮಾತ್ರ ದೀಪ ಹೊತ್ತಿಕೊಂಡು, ಎಳೆತವೇ ಸತ್ತುಹೋಗಿ, ಸೈಕಲ್ಲಿನ ವೇಗಕ್ಕೆ ಬಂದುಬಿಡುತ್ತದೆ. ಹಿಂದೆ ಬಸ್ಸಿನವರ ಹಾರ್ನು. ಒಮ್ಮೆ ಆಫ್ ಮಾಡಿ ಚಾಲೂ ಮಾಡಿದರೆ ಎಳೆತ ಬರುತ್ತದೆ, ದೀಪ ಆರುವುದಿಲ್ಲ. ಅದಕ್ಕೆ ಇವರು ಕಂಡುಕೊಂಡ ಉಪಾಯ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಡುವುದು. ದೀಪ ಆರುತ್ತದೆ. ಮುಂದಿನ ಘಟ್ಟದಲ್ಲಿ ಮತ್ತೆ ಹಾಜರ್.

ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದೆ. ನಾವು ಬಹಳ ವರ್ಷದಿಂದ ನಂಬಿದವರು. ಓಡಿಸಿ ನೋಡಿ, “ಪಂಪು, ಇಂಜೆಕ್ಟರ್ ಎರಡೂ ವೀಕಾಗಿದಾವೆ ಅಕ್ಕಾ, ಎಪ್ಪತ್ತು ಸಾವಿರ ಇಟ್ಕೊಳ್ಳಿ” ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಹಳೇ ಕಾಲದ ಎಂಜಿನ್ನನ್ನು ಕಿವಿಯಲ್ಲೇ ಕೇಳಿ ರೋಗ ಹೇಳುತ್ತಿದ್ದವರು. ಆ ರಾತ್ರಿ ಬೀರುವಿನಿಂದ ಅಮ್ಮ ಕೊಟ್ಟ ಎರಡು ಬಳೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಇವರು ನೋಡಿದರು, ಏನೂ ಅನ್ನಲಿಲ್ಲ.

ಬೆಳಿಗ್ಗೆ ಅಣ್ಣನ ಮಗನಿಗೆ ಫೋನ್ ಮಾಡಿದೆ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದಾನೆ. “ಅತ್ತೆ, ಕೋಡ್ ಏನು ಬಂದಿದೆ?” ಅಂದ. ಕೋಡೇ? “ಮಾವಂಗೆ ಹೇಳಿ, ಇನ್ನು ಬ್ಯಾಟರಿ ಬಿಚ್ಚೋದು ಬೇಡ. ಬಿಚ್ಚಿದ್ರೆ ಗಾಡಿ ಬರೆದಿಟ್ಟಿದ್ದೆಲ್ಲ ಅಳಿಸಿಹೋಗ್ತದೆ.”

ಭಾನುವಾರ ಸ್ಕ್ಯಾನರ್ ಹಿಡಿದುಕೊಂಡು ಬಂದ. ಸ್ಟೀರಿಂಗ್ ಕೆಳಗೆ, ನಮ್ಮ ಮೊಣಕಾಲಿನ ಹತ್ತಿರ, ಹದಿನಾರು ಪಿನ್ನಿನ ಒಂದು ಸಾಕೆಟ್ ಇದೆ. ಇಷ್ಟು ವರ್ಷ ಅದು ಅಲ್ಲಿರುವುದೇ ನನಗೆ ಗೊತ್ತಿರಲಿಲ್ಲ. ಅದಕ್ಕೆ ಸಿಕ್ಕಿಸಿದ ತಕ್ಷಣ ಪರದೆಯ ಮೇಲೆ ಬಂತು: ಪಿ 0087. ಡೀಸೆಲ್ ರೈಲಿನಲ್ಲಿ ಒತ್ತಡ ತೀರಾ ಕಡಿಮೆ ಎಂದು ಅರ್ಥ. ರೈಲು ಅಂದರೆ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ದಪ್ಪ ಕೊಳವೆ. ಗಾಡಿಯ ಟೈರಿನಲ್ಲಿ ನಾಲ್ಕೈದು ಬಾರ್ ಒತ್ತಡ ಇದ್ದರೆ, ಲೋಡು ಎಳೆಯುವಾಗ ಆ ಕೊಳವೆಯಲ್ಲಿ ಸಾವಿರ ಬಾರ್ ದಾಟುತ್ತದಂತೆ.

“ನೋಡಿದ್ಯಾ, ಪಂಪೇ ಹೋಗಿರೋದು” ಅಂದರು ಇವರು.

“ಇಲ್ಲ ಮಾವ. ಒತ್ತಡ ಕಮ್ಮಿ ಅಂತ ಮಾತ್ರ ಹೇಳ್ತಿದೆ. ಯಾಕೆ ಕಮ್ಮಿ ಅನ್ನೋದು ಅದಕ್ಕೂ ಗೊತ್ತಿಲ್ಲ.”

ನನಗೆ ಥಟ್ಟನೆ ಹೊಳೆದದ್ದು ಆಗ. ಜ್ವರ ನೂರಾಮೂರು ಅಂದ ಮಾತ್ರಕ್ಕೆ ಟೈಫಾಯ್ಡ್ ಎನ್ನಲಾಗದಲ್ಲ! ದೀಪ ಹೊತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ವೇಗದಲ್ಲಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಅನ್ನುವುದನ್ನೂ ಗಾಡಿ ನೆನಪಿಟ್ಟುಕೊಂಡಿತ್ತು. ನಿಂತಲ್ಲಿ ಒತ್ತಡ ಸರಿಯಿದೆ, ಎಂಜಿನ್ ಹೆಚ್ಚು ಡೀಸೆಲ್ ಕೇಳಿದಾಗ ಸಾಲುತ್ತಿಲ್ಲ. ಹಾಗಾದರೆ ಪಂಪು ಕೆಟ್ಟಿರಬಹುದು. ಇಲ್ಲವೇ ಪಂಪಿಗೆ ಡೀಸೆಲ್ಲೇ ಸರಿಯಾಗಿ ತಲುಪದೆ ಇರಬಹುದು. ಮೊದಲು ಅಗ್ಗದ್ದು ನೋಡೋಣ ಅಂದ.

ಫಿಲ್ಟರ್ ಬದಲಿಸಿದೆವು. ಹಳೆಯದರಿಂದ ಕಪ್ಪು ಗಸಿ, ಒಂದು ಲೋಟ ನೀರು. ಇದೇ ಕಾರಣ ಅಂತ ಖುಷಿಯಲ್ಲಿ ಪಾಯಸ ಮಾಡಿದೆ. ಬುಧವಾರ ಘಟ್ಟದಿಂದ ಇವರ ಫೋನು: “ಮತ್ತೆ ಹತ್ತಿತು ಮಾರಾಯ್ತಿ.” ಬೀರುವಿನ ಬೀಗದ ಕೈ ಮತ್ತೆ ನೆನಪಾಯಿತು.

ಮುಂದಿನ ಭಾನುವಾರ ಹುಡುಗ ಒಂದಡಿ ಪಾರದರ್ಶಕ ಪೈಪು ತಂದ. ಫಿಲ್ಟರಿಗೂ ಪಂಪಿಗೂ ನಡುವೆ ಅದನ್ನು ಸೇರಿಸಿ ಗಾಡಿ ಚಾಲೂ ಮಾಡಿ ಆಕ್ಸಲರೇಟರ್ ಒತ್ತಿಸಿದ. ಡೀಸೆಲ್ ಜೊತೆ ಗುಳ್ಳೆ, ಸೋಡಾ ಬಾಟಲಿಯ ಹಾಗೆ! ಮೆಕ್ಯಾನಿಕ್ಕೂ ಬಂದಿದ್ದರು, ಬಗ್ಗಿ ನೋಡಿದರು. ಆಮೇಲೆ ಟ್ಯಾಂಕಿನ ಪೈಪು ಬಿಡಿಸಿ, ಒಂದು ಕ್ಯಾನಿನಿಂದ ನೇರ ಫಿಲ್ಟರಿಗೆ ಡೀಸೆಲ್ ಕೊಟ್ಟ. ಗುಳ್ಳೆ ಮಾಯ. ಅಂದರೆ ಗಾಳಿ ಸೇರುವುದು ಟ್ಯಾಂಕಿನಿಂದ ಫಿಲ್ಟರಿನವರೆಗಿನ ದಾರಿಯಲ್ಲಿ. ಮೆಕ್ಯಾನಿಕ್ ತಾವೇ ಗಾಡಿ ಅಡಿಗೆ ನುಸುಳಿ, ಕ್ಲಿಪ್ಪಿನ ಕೆಳಗೆ ಬಿರುಕು ಬಿಟ್ಟಿದ್ದ ರಬ್ಬರ್ ಪೈಪು ಹಿಡಿದು ಎಳೆದರು. ಹನಿ ಡೀಸೆಲ್ಲೂ ಸೋರಿರಲಿಲ್ಲ. ಅಲ್ಲಿ ಪಂಪು ಹೀರುತ್ತದೆಯಲ್ಲ, ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ. ಹೊಸ ಪೈಪು, ಎರಡು ಕ್ಲಿಪ್ಪು, ಇನ್ನೂರ ನಲವತ್ತು ರೂಪಾಯಿ.

ಒಂದು ಎಚ್ಚರ. ಈ ಪೈಪಿನ ಪರೀಕ್ಷೆ ಪಂಪಿಗಿಂತ ಮುಂಚಿನ, ಒತ್ತಡವಿಲ್ಲದ ಕಡೆ ಮಾತ್ರ. ಪಂಪಿನಿಂದ ಮುಂದಿನದಕ್ಕೆ ಗೊತ್ತಿಲ್ಲದವರು ಕೈ ಹಾಕಬಾರದು, ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮದೊಳಗೇ ಹೊಕ್ಕುಬಿಡುತ್ತದೆ. ಇನ್ನೊಂದು, ಪೆಟ್ರೋಲ್ ಗಾಡಿಯಲ್ಲಿ ಈ ದೀಪ ಮಿಣಮಿಣ ಮಿಂಚಿದರೆ ಊರಿಗೆ ಹೋಗಿ ನೋಡೋಣ ಅನ್ನಬೇಡಿ, ನಿಲ್ಲಿಸಿ. ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರುಗಳು ಈಗ ಸಾವಿರ ರೂಪಾಯಿಯೊಳಗೂ ಸಿಗುತ್ತವೆ. ಹಳೇ ಗಾಡಿಗಳಿಗೆಲ್ಲ ಅವು ಹೊಂದುವುದಿಲ್ಲ, ವಿಚಾರಿಸಿ ಕೊಳ್ಳಿ.

ಪೈಪು ಹಾಕಿದ ಮೇಲಿನ ಮೊದಲ ಟ್ರಿಪ್ಪಿಗೆ ನಾನೂ ಹೊರಟೆ. ಬರುವಾಗ ಹಿಂದೆ ತುಂಬು ಲೋಡು ಕಾಯಿ. ಗೇರುಸೊಪ್ಪೆ ದಾಟಿದ ಮೇಲೆ ಇಬ್ಬರಿಗೂ ಮಾತಿಲ್ಲ. ತಿರುವು ಬಂದಾಗೆಲ್ಲ ನನ್ನ ಕಣ್ಣು ರಸ್ತೆಗಿಂತ ಆ ಗಾಜಿನ ಮೇಲೇ. ಮಾವಿನಗುಂಡಿ ಬಂತು. ದೀಪ ಹತ್ತಲಿಲ್ಲ. ಇವರು ಗಾಡಿ ನಿಲ್ಲಿಸಿ, “ಚಾ ಕುಡಿಯಾಣ?” ಅಂದರು.

ಆ ಪಾರದರ್ಶಕ ಪೈಪನ್ನು ಹುಡುಗ ವಾಪಸ್ ಒಯ್ಯಲಿಲ್ಲ. ಮೆಕ್ಯಾನಿಕ್ ಕೇಳಿ ಇಸಕೊಂಡರು, ಅವರ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದಾರೆ.