ಡಿಯೋಲ್‌ಗಳ ಮೇಲಿನ ಪ್ರೀತಿಯೊಂದೇ ಸಾಲದು

2011ರಲ್ಲಿ ಬಂದ ‘ಯಮ್ಲಾ ಪಗ್ಲಾ ದೀವಾನಾ’ ಚಿತ್ರವನ್ನು ಪ್ರೇಕ್ಷಕರು ಮನಸಾರೆ ಮೆಚ್ಚಿದ್ದರು. ಧರ್ಮೇಂದ್ರ, ಸನ್ನಿ, ಬಾಬಿ, ಅಪ್ಪ ಮಕ್ಕಳು ಮೂವರೂ ಸೇರಿ ನಗಿಸುತ್ತಿದ್ದಾರೆ ಎಂಬುದೇ ಅದಕ್ಕೆ ದೊಡ್ಡ ಕಾರಣ. ಶೀರ್ಷಿಕೆ ಕೂಡ 1975ರ ‘ಪ್ರತಿಜ್ಞಾ’ದಲ್ಲಿ ಧರ್ಮೇಂದ್ರ ಕುಣಿದ ಹಾಡಿನದೇ. ಹಳಬರಿಗೆ ಅಷ್ಟೇ ಸಾಕಾಗಿತ್ತು.

2013ರ ಜೂನ್‌ನಲ್ಲಿ ಎರಡನೇ ಭಾಗ ಬಂದಾಗ ಅಭಿಪ್ರಾಯ ಇಬ್ಭಾಗವಾಯಿತು. ಡಿಯೋಲ್ ಕುಟುಂಬದ ಅಭಿಮಾನಿಗಳು, ಮನೆಮಂದಿಯೆಲ್ಲ ಕೂತು ನೋಡಬಹುದು, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಉಳಿದವರ ದೂರು ಬೇರೆ: ಕಥೆ ಎಲ್ಲಿ? ಕಾಶಿಯ ಮೋಸಗಾರ ಅಪ್ಪ ಮಗ ವಿದೇಶಕ್ಕೆ ಹಾರುತ್ತಾರೆ, ಐನ್‌ಸ್ಟೈನ್ ಎಂಬ ಒರಾಂಗುಟಾನ್ ಕುಣಿಯುತ್ತದೆ, ಹೊಡೆತಕ್ಕೆ ಜನ ಗಾಳಿಯಲ್ಲಿ ತೇಲುತ್ತಾರೆ. ಎರಡೂವರೆ ಗಂಟೆ ಇದೇ ಗದ್ದಲ.

ದೂರಿದವರ ಮಾತೇ ಸರಿ. ಬಿದ್ದು ಎದ್ದು ನಗಿಸುವುದು ಸುಲಭದ ಕೆಲಸವಲ್ಲ. ಬೀಳುವವನು ಯಾರು, ಯಾಕೆ ಬಿದ್ದ ಎಂಬುದು ಗೊತ್ತಿದ್ದರೆ ಮಾತ್ರ ನಗು ಉಕ್ಕುತ್ತದೆ. ‘ಚುಪ್ಕೆ ಚುಪ್ಕೆ’ಯಲ್ಲಿ ಇದೇ ಧರ್ಮೇಂದ್ರ ಪ್ರೊಫೆಸರ್ ಆಗಿದ್ದೂ ಡ್ರೈವರ್ ವೇಷ ಹಾಕಿ, ಶುದ್ಧ ಹಿಂದಿಯ ಹುಚ್ಚು ಹಿಡಿದ ಷಡ್ಡಕನನ್ನು ಸತಾಯಿಸಿದ್ದರು. ಒಂದೇ ಒಂದು ಏಟಿಲ್ಲ, ಆದರೂ ಇಂದಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಅಂಥ ನಟನಿಗೆ ಒರಾಂಗುಟಾನ್ ಜೊತೆ ಕೊಟ್ಟದ್ದು ಅನ್ಯಾಯ.



ಗಲ್ಲಾಪೆಟ್ಟಿಗೆಯಲ್ಲಿ ಎರಡನೇ ಭಾಗ ಸೋತಿತು. ಆದರೂ 2018ರಲ್ಲಿ ಮೂರನೆಯದು ಬಂತು, ಅದೂ ನೆಲಕಚ್ಚಿತು.